ಕುಕ್ಕರ್ ಮಾತಾಡಿದ ಗುರುವಾರ

ಮೊದಲ ಸಲ ಸೇರಿದಾಗ ಪರದೆ ತುಂಬ ಬಂದದ್ದು
ಕೊಟ್ರಮ್ಮನ ಮನೆಯ ಕುಕ್ಕರ್.
ಮೂರು ಸೀಟಿ. ಮೂರು ಸಲವೂ
ಸಭೆಯ ಅಧ್ಯಕ್ಷತೆ ಅದರದೇ.
ಹಾಲಸ್ವಾಮಿ ಆಗ ಜಗಳೂರಿನಿಂದ
ಪಿಂಚಣಿ ಅರ್ಜಿ ಮೂರನೇ ಬಾರಿ ವಾಪಸು ಬಂದ ಕತೆಯನ್ನು
ಎರಡೂ ಕೈಯಲ್ಲಿ ಹೇಳುತ್ತಿದ್ದ.
ಅವನನ್ನು ಅಂಚೆಚೀಟಿಯಷ್ಟು ಮಾಡಿ
ಮೂಲೆಗೆ ಅಂಟಿಸಿತ್ತು ಯಂತ್ರ.

ಸದ್ದು ಮಾಡಿದವರು ಮುಂದೆ ಬರಲಿ ಅಂತ
ಎಲ್ಲೋ ಕೂತು ಯಾರೋ ಬರೆದ ಕಟ್ಟಳೆ.
ನಾವು ಹನ್ನೊಂದು ಮಂದಿ.
ಹುಟ್ಟಿದಾಗಿನಿಂದ ಕಿವಿ ಕೇಳದವರು ಒಂಬತ್ತು,
ಏಳನೇ ವಯಸ್ಸಿನ ಜ್ವರದಲ್ಲಿ ಕಿವಿ ಕಳೆದುಕೊಂಡ
ಮಂಡಕ್ಕಿ ಭಟ್ಟಿಯ ಶಫೀವುಲ್ಲಾ,
ಮತ್ತೆ ನಾನು, ಕೇಳಿಸುವವಳು,
ಅಕ್ಕನ ಬೆನ್ನಿಗೆ ಹುಟ್ಟಿ
ಮಾತಿಗಿಂತ ಮೊದಲು ಸನ್ನೆ ಕಲಿತವಳು,
ಮಂಡಿಪೇಟೆಯಲ್ಲಿ ಯುಪಿಎಸ್ ಬ್ಯಾಟರಿ ರಿಪೇರಿಯವಳು.

ನಲವತ್ತು ನಿಮಿಷಕ್ಕೆ ಬಾಗಿಲು ಹಾಕಿಕೊಂಡಿತು.
ತಿಪ್ಪಮ್ಮ ಮಗಳ ಹೆರಿಗೆಯ ಸುದ್ದಿ ಶುರುಮಾಡಿದ್ದಳು,
ಕೈ ಎದೆಮಟ್ಟಕ್ಕೆ ಬಂದಿತ್ತು.
ಮೀಸೆಗೋ, ಮೂಗುತಿಗೋ,
ಬೆರಳು ಎಲ್ಲಿಗೆ ಹೊರಟಿತ್ತೆಂದು ತಿಳಿಯಲಿಲ್ಲ.
ಅವಳಿಗೆ ಅಕ್ಷರ ಬಾರದು.
ಮರುದಿನವೇ ಬಾಣಂತನಕ್ಕೆ ಹೋದಳು
ಫೋನು ಹತ್ತದ ಹಟ್ಟಿಗೆ.

ಅಂಗಡಿ ಮುಚ್ಚಿದ ಮೇಲೆ ಅಕ್ಕ ಕೇಳಿದಳು:
ನನ್ನ ಕೈ ಎಲ್ಲಿ ಹೋಗಿ ಕೂರುತ್ತೆ?
ಅವರ ಪೆಟ್ಟಿಗೆ ಯಾವ ಊರಲ್ಲಿದೆ?
ಉಳಿದವರು ಮುಖ ಮುಚ್ಚಿಕೊಂಡೂ ಮಾತಾಡಬಹುದು.
ನಮಗೆ ಕ್ಯಾಮೆರಾ ಮುಚ್ಚಿದರೆ
ಬಾಯಿಗೆ ಬಟ್ಟೆ ತುರುಕಿದ ಹಾಗೆ.

ಸರಿ, ಪೆಟ್ಟಿಗೆ ನಮ್ಮದೇ ಇರಲಿ ಅಂದೆ.
ಮುಚ್ಚಿಹೋದ ಸೈಬರ್ ಸೆಂಟರಿನ ಕಂಪ್ಯೂಟರ್, ಎಂಟು ಜಿಬಿ,
ಎರಡು ಸಾವಿರದ ಇನ್ನೂರಕ್ಕೆ ತಂದು
ಬ್ಯಾಟರಿಗಳ ಪಕ್ಕ ಇಟ್ಟೆ.

ಮೊದಲು ಹಾಕಿದ್ದು, ಲಿಂಕ್ ಒತ್ತಿದರೆ ಸಾಕು, ತೆರೆಯುತ್ತಿತ್ತು.
ಎಂಟನೆಯವರು ಒಳಗೆ ಬಂದದ್ದೇ
ಬೆರಳುಗಳು ಒಡೆದು ಚೂರುಚೂರು ಚೌಕ.
ಶಫಿ ಚೀಲಕ್ಕೆ ಐನೂರು ಅಂದದ್ದು
ಮುನ್ನೂರಾಗಿ ತಲುಪಿತು. ಸಿಟ್ಟಾದ.

ಮುಂದಿನ ವಾರದ್ದು ಶಾಲೆಗೆಂದು ಮಾಡಿದ್ದು.
ಬೋರ್ಡು, ಬಣ್ಣದ ಪೆನ್ನು, ಹಾಜರಿ,
ಕೈ ಎತ್ತಲು ಒಂದು ಗುಂಡಿ.
ಕೈ ಎತ್ತೋಕೂ ಗುಂಡಿಯಾ!
ಅಕ್ಕ ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು.
ನಮ್ಮ ಪೆಟ್ಟಿಗೆ ಅದನ್ನು ಹೊರಲಾರದೆ
ಏದುಸಿರು ಬಿಟ್ಟು, ಮೈ ಬಿಸಿಯಾಗಿ
ರಾತ್ರಿ ಎಂಟೂಮುಕ್ಕಾಲಿಗೆ ಮಲಗಿತು.

ಕೊನೆಗೆ ಸಿಕ್ಕಿದ್ದಕ್ಕೆ ಅಂದಚಂದ ಇಲ್ಲ.
ಬೆನ್ನ ಹಿಂದೆ ಸಮುದ್ರ ಬರಿಸಲು ಬಾರದು.
ಧ್ವನಿಯನ್ನು ಬೇರುಸಹಿತ ಕಿತ್ತುಹಾಕು ಅಂದೆ, ಕಿತ್ತುಹಾಕಿತು,
ಅದರ ಪಾಲಿನ ದಾರಿಯನ್ನೂ ಕೈಗಳಿಗೇ ಬಿಟ್ಟಿತು.
ಹನ್ನೊಂದು ಚೌಕ, ಒಂದೇ ಅಳತೆ.
ಅದರ ಇಂಗ್ಲಿಷ್ ಹೆಸರು ಯಾರಿಗೂ ಬೇಡವಾಗಿ
ಅಕ್ಕ ಒಂದು ಸನ್ನೆ ಕಟ್ಟಿದಳು:
ಹೆಬ್ಬೆರಳ ತುದಿಯಲ್ಲೊಂದು ಹೆಸರುಕಾಳು.

ನಿನ್ನೆ ಮಂಡಿಪೇಟೆಯಲ್ಲಿ ಕರೆಂಟ್ ಇರಲಿಲ್ಲ.
ಬ್ಯಾಟರಿ ಅಂಗಡಿಗೆ ಅದೇನು ಹೊಸದೇ?
ಹಾಲಸ್ವಾಮಿ ಅರ್ಜಿಯ ಕತೆಯನ್ನು ಮೊದಲಿಂದ ಹೇಳಿದ,
ನಾಲ್ಕನೇ ಸಲವೂ ವಾಪಸಂತೆ.
ಅಶೋಕ ರಸ್ತೆ ಗೇಟಿನಲ್ಲಿ ಗೂಡ್ಸ್ ರೈಲು ಅರಚಿಕೊಂಡು ಹೋಯಿತು.
ಯಾರ ಚೌಕವೂ ದೊಡ್ಡದಾಗಲಿಲ್ಲ.
ತಿಪ್ಪಮ್ಮ ಬಂದಿದ್ದಳು, ತುಸು ಬಡವಾಗಿ.
ಎದೆಮಟ್ಟದಲ್ಲಿ ನಿಂತಿದ್ದ ಕೈ ಮೇಲೆದ್ದು
ಮೂಗಿನ ಹೊಳ್ಳೆ ಮುಟ್ಟಿತು.
ಇಪ್ಪತ್ತು ಅಂಗೈ ಗಾಳಿಯಲ್ಲಿ ಅಲುಗಿದವು,
ನಮ್ಮ ಚಪ್ಪಾಳೆ ಅದು.

ಆಗಲೇ ಶಫಿ ಕಂಡದ್ದು,
ಕೊಟ್ರಮ್ಮನ ಚೌಕದ ಮೂಲೆಯಲ್ಲಿ ಹಬೆ.
ಹಿಂದೆ ನೋಡು, ಹಿಂದೆ ನೋಡು,
ಎಲ್ಲ ಕೈಗಳೂ ಒಟ್ಟಿಗೆ.
ಸೆರಗು ಸಿಕ್ಕಿಸಿಕೊಂಡು ಓಡಿದಳು.
ಎಷ್ಟು ಸೀಟಿ ಆಗಿತ್ತೋ,
ನನಗೂ ಗೊತ್ತಿಲ್ಲ.